ನೀರಿರುವ ಊರಿಗೆ ಹೆಣ್ಣು

ನಮ್ಮ ಕಡೆ ಹಳಬರು ಹೆಣ್ಣು ಕೊಡುವ ಮುನ್ನ ಗಂಡಿನ ಊರಿಗೆ ಹೋಗಿ ನೋಡಿಕೊಂಡು ಬರುತ್ತಿದ್ದದ್ದು ಮೂರು ಸಂಗತಿ. ಕೊಟ್ಟಿಗೆಯಲ್ಲಿ ಎಷ್ಟು ದನ, ಹಗೇವಿನಲ್ಲಿ ಎಷ್ಟು ರಾಗಿ, ಗದ್ದೆಗೆ ಯಾವ ತೂಬಿನ ನೀರು. ಮೂರನೆಯದು ಸರಿಯಾಗಿದ್ದರೆ ಮೊದಲೆರಡರ ವಿಚಾರಣೆ ಅಷ್ಟಕ್ಕಷ್ಟೆ. ಹುಡುಗ ಕಪ್ಪಗಿದ್ದಾನೋ ಕುಳ್ಳಗಿದ್ದಾನೋ ಎಂಬುದು ಮನೆಯ ಹೆಂಗಸರು ಹಿತ್ತಿಲಲ್ಲಿ ಪಿಸುಗುಡುವ ಮಾತು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಯಾವ ಊರಲ್ಲಿ ಬೇಕಾದರೂ ಬಸ್ಸಿಳಿದು ಎಂಬತ್ತು ದಾಟಿದ ಒಬ್ಬ ಅಜ್ಜಿಯನ್ನು ಮಾತಾಡಿಸಿ, ಆಕೆ ತನ್ನ ಮದುವೆಯ ಕತೆಯನ್ನು ನಾಲೆಯಿಂದಲೇ ಶುರುಮಾಡುತ್ತಾಳೆ.

ಕಳೆದ ನಾಲ್ಕು ವರ್ಷಗಳಿಂದ ನಾನು ಮಾಡುತ್ತಿರುವ ಕೆಲಸವೂ ಇದೇ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಮದುವೆಯ ಸಂಬಂಧಗಳು ಹೇಗೆ ಬದಲಾದವು ಎನ್ನುವುದು ನನ್ನ ಪಿಎಚ್.ಡಿ. ವಿಷಯ. ಹೆಸರು ಕೇಳಿದರೆ ಸಮಾಜಶಾಸ್ತ್ರ ಅನ್ನಿಸುತ್ತದೆ. ಆದರೆ ಒಳಗೆ ಇಳಿದಂತೆಲ್ಲ ಅದು ಒಂದು ಜಿಲ್ಲೆಯ ಚರಿತ್ರೆ, ಭೂಗೋಳ, ಅರ್ಥಶಾಸ್ತ್ರ ಎಲ್ಲವೂ ಆಗಿ ಕೂತಿದೆ. ಶುರುವಿನ ವರ್ಷ ಗ್ರಂಥಾಲಯದಲ್ಲಿ ಇಂಗ್ಲೆಂಡಿನ ಕೌಂಟಿಗಳ ಚರಿತ್ರೆಗಳನ್ನು ತಿರುವಿಹಾಕಿದ್ದೆ, ಒಂದು ಸೀಮೆಯ ಬಗ್ಗೆ ಬರೆಯುವುದು ಹೇಗೆಂದು ತಿಳಿಯಲು. 1899ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಆರಂಭವಾದ ಆ ಯೋಜನೆ ಇನ್ನೂ ಮುಗಿದಿಲ್ಲ. ಅವರ ಬಹುಪಾಲು ಕೌಂಟಿಗಳಿಗೆ ಸಾವಿರ ವರ್ಷದ ಆಸುಪಾಸಿನ ವಯಸ್ಸು. 1086ರಲ್ಲಿ ಯಾವ ಹಳ್ಳಿಯಲ್ಲಿ ಎಷ್ಟು ನೇಗಿಲು, ಎಷ್ಟು ಗಿರಣಿ ಎಂಬ ಲೆಕ್ಕ ಅವರ ಬಳಿ ಇದೆ. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರ ಜುಲೈ 1ರಂದು, ಮೈಸೂರು ಜಿಲ್ಲೆಯನ್ನು ಒಡೆದು. ನನ್ನ ಅಜ್ಜಿಗಿಂತ ಅದು ಮೂರೇ ವರ್ಷ ದೊಡ್ಡದು. ಏಳು ತಾಲ್ಲೂಕು, ಐದು ಸಾವಿರ ಚದರ ಕಿಲೋಮೀಟರಿಗೆ ತುಸು ಕಡಿಮೆ ನೆಲ, 2011ರ ಜನಗಣತಿಯಂತೆ ಹದಿನೆಂಟು ಲಕ್ಷ ಜನ. ರಾಜನ ಕೋಟೆಯೋ ಭಾಷೆಯೋ ಬೆಟ್ಟದ ಸಾಲೋ ಈ ಜಿಲ್ಲೆಯನ್ನು ಬೇರೆ ಮಾಡಲಿಲ್ಲ. ನಾಲೆ ಬಂದು ಏಳೆಂಟು ವರ್ಷಕ್ಕೆ ಜಿಲ್ಲೆ ಬಂತು ಎಂಬುದನ್ನು ಗಮನಿಸಿದರೆ ಇದು ನೀರಾವರಿ ಇಲಾಖೆ ಹೆತ್ತ ಜಿಲ್ಲೆ ಎಂದು ತಮಾಷೆಗೆ ಹೇಳಬಹುದು.

ಹಾಗೆಂದು ನಾಲೆಗೆ ಮೊದಲು ಇಲ್ಲಿ ಏನೂ ಇರಲಿಲ್ಲ ಎಂದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗ ಕಾದಾಡಿದ, ಬೂತುಗನ ಆಳು ಮಣಲೆರ ಪರಾಕ್ರಮ ತೋರಿಸಿದ. ಏನು ಬೇಕು ಕೇಳು ಅಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಆತಕೂರಿನಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನೆಟ್ಟರು. ಈ ಕತೆ ಎಲ್ಲರಿಗೂ ಗೊತ್ತು, ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ನನಗೆ ಮುಖ್ಯವಾದದ್ದು ಕೊನೆಯ ವಿವರ. ಕಲ್ಲಿನ ಪೂಜೆಗೆ ಎರಡು ಕಂಡುಗ ಮಣ್ಣು ಬಿಟ್ಟರಲ್ಲ, ಅದು ದೊಡ್ಡ ಕೆರೆಯ ಕೆಳಗಿನ ಮಣ್ಣು. ಸಾವಿರ ವರ್ಷದ ಹಿಂದೆಯೂ ಕೊಡುವಾಗ ಕೆರೆಯ ಕೆಳಗಿನದನ್ನೇ ಕೊಡುತ್ತಿದ್ದರು. ಬೆಲೆ ಇದ್ದದ್ದು ಅದಕ್ಕೇ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ಕೆರೆ ಇದ್ದಲ್ಲಿ ಭತ್ತ, ಇಲ್ಲದಲ್ಲಿ ರಾಗಿ, ಹುರುಳಿ, ಹುಚ್ಚೆಳ್ಳು.

ಮಳವಳ್ಳಿಯದು ಇನ್ನೊಂದು ಕತೆ. 1799ರ ಮಾರ್ಚ್‌ನಲ್ಲಿ ಟಿಪ್ಪುವಿನ ಸೈನ್ಯ ಇಂಗ್ಲಿಷರನ್ನು ಇಲ್ಲಿ ಎದುರಿಸಿ ಹಿಂದೆ ಸರಿಯಿತು, ಎರಡು ತಿಂಗಳೊಳಗೆ ಶ್ರೀರಂಗಪಟ್ಟಣ ಬಿತ್ತು. ನೂರು ವರ್ಷದ ಮೇಲೆ, 1902ರಲ್ಲಿ, ಅದೇ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯನ್ನು ಕೊಳವೆಗೆ ಇಳಿಸಿ ವಿದ್ಯುತ್ ತೆಗೆದರು. ಅದು ತಂತಿಯ ಮೇಲೆ ಸುಮಾರು 150 ಕಿಲೋಮೀಟರ್ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. 1905ಕ್ಕೆ ಬೆಂಗಳೂರಿನ ಬೀದಿಗೂ ಬಂತು. ಬ್ಲಫ್ ಎಂದು ನಮ್ಮವರು ಕರೆಯುವ ಆ ಜಾಗದಿಂದ ಕೂಗಳತೆಯಲ್ಲಿದ್ದ ಊರಲ್ಲಿ ಹುಟ್ಟಿದ ನನ್ನ ಅಜ್ಜಿ ಮನೆಯೊಳಗೆ ಬಲ್ಬು ಉರಿಯುವುದನ್ನು ನೋಡಿದ್ದು ಮದುವೆಯಾಗಿ ಬಂದ ಮೇಲೆ. ಕನ್ನಂಬಾಡಿ ಕಟ್ಟೆ ಕಟ್ಟಿದ್ದು ರೈತರಿಗಾಗಿ ಎಂದು ನಾವು ಶಾಲೆಯಲ್ಲಿ ಓದಿದೆವು. ಶಿವನಸಮುದ್ರದ ಯಂತ್ರಗಳಿಗೆ ಬೇಸಿಗೆಯಲ್ಲೂ ನೀರು ತಪ್ಪಬಾರದು ಎಂಬುದೂ ಆ ಕಟ್ಟೆಯ ಹಿಂದಿನ ದೊಡ್ಡ ಕಾರಣವೇ ಆಗಿತ್ತು.

1911ರಲ್ಲಿ ಶುರುವಾದ ಕಟ್ಟೆ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. 124.80 ಅಡಿ. ಈ ಅಂಕಿಯನ್ನು ಮಂಡ್ಯದಲ್ಲಿ ಓದುಬರಹ ಬಾರದವರೂ ಪಾಯಿಂಟ್ ಸಮೇತ ಹೇಳುತ್ತಾರೆ. ಆಮೇಲೆ ನಾಲೆ. ವೈಸ್‌ರಾಯ್ ಇರ್ವಿನ್ನನ ಹೆಸರಿಟ್ಟು ತೆಗೆದ ಇದು ಹುಲಿಕೆರೆಯಲ್ಲಿ ಗುಡ್ಡದ ಹೊಟ್ಟೆಯನ್ನು ಸುರಂಗವಾಗಿ ಕೊರೆದುಕೊಂಡು ಮಂಡ್ಯದ ಕಡೆ ಬರುತ್ತದೆ. ಇರ್ವಿನ್ ಹೋಗಿ ವಿಶ್ವೇಶ್ವರಯ್ಯ ಬಂದರು, ಜನರ ಬಾಯಲ್ಲಿ ಬರಿಯ ವಿ.ಸಿ. ನಾಲೆ. ಇದು ಪಂಪು ಮಾಡಿ ಹರಿಸುವ ನೀರಲ್ಲ. ನೆಲದ ಮಟ್ಟ ಹಿಡಿದು ಬಳಸಿ ಬಳಸಿ ಸಾಗುತ್ತದೆ. ನಾಲೆಗಿಂತ ಕೆಳಗಿದ್ದದ್ದು ಗದ್ದೆಯಾಯಿತು, ಮೇಲಿದ್ದದ್ದು ಹೊಲವಾಗಿಯೇ ಉಳಿಯಿತು. ಒಂದೇ ದೇವರಿಗೆ ಹರಕೆ ಹೊರುವ, ಒಂದೇ ಸಂತೆಗೆ ಹೋಗುವ ಎರಡು ಊರುಗಳ ನಡುವೆ ಕೆಲವು ಅಡಿ ಎತ್ತರದ ವ್ಯತ್ಯಾಸ ಅಷ್ಟೆ. ಎತ್ತರದ ಊರಿನವರು ತಮ್ಮ ಹೊಲದ ಅಂಚಿನಲ್ಲಿ ನಿಂತು, ಕೆಳಗೆ ಬೇರೆಯವರ ಗದ್ದೆಗೆ ಹೋಗುವ ನೀರನ್ನು ನೋಡಬೇಕು.

ನೀರಿನ ಹಿಂದೆಯೇ ಕಬ್ಬು ಬಂತು. ಅದನ್ನು ತಂದವರಲ್ಲಿ ಮುಖ್ಯನಾದವನು ಲೆಸ್ಲಿ ಕೋಲ್ಮನ್ ಎಂಬ ಕೆನಡಾದವನು. 1908ರಲ್ಲಿ ಗಿಡಗಳ ರೋಗ, ಕೀಟಗಳ ತಜ್ಞನಾಗಿ ಮೈಸೂರಿಗೆ ಬಂದು, ಮಲೆನಾಡಿನ ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ, ಕೃಷಿ ಇಲಾಖೆಯ ನಿರ್ದೇಶಕನಾದ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ನಿಂತದ್ದರ ಹಿಂದೆ ಅವನ ಓಡಾಟವಿತ್ತು. ಹೆಬ್ಬಾಳದಲ್ಲಿ ಬೆಳೆಸಿದ ಎಚ್.ಎಂ. 320 ತಳಿ ನಮ್ಮ ಗದ್ದೆಗಳಿಗೆ ಇಳಿಯಿತು. ವಿ.ಸಿ. ಫಾರಂ ಶುರುವಾಯಿತು. ಒಂದು ವರ್ಷ ಕಬ್ಬು, ಇನ್ನೊಂದು ವರ್ಷ ಭತ್ತ, ಮತ್ತೊಂದು ವರ್ಷ ರಾಗಿಯಂಥ ಬೆಳೆ ಎಂಬ ಸರದಿಯನ್ನು ಸರ್ಕಾರ ಕಟ್ಟಿಕೊಟ್ಟಿತು. ಆ ಸರದಿ ಈಗ ಯಾರ ನೆನಪಿನಲ್ಲೂ ಇಲ್ಲ. ಅಜ್ಜಿಯ ಅತ್ತೆ ಹೇಳುತ್ತಿದ್ದರಂತೆ, ಮೊದಲ ಐದಾರು ವರ್ಷ ನಾಲೆಯಲ್ಲಿ ನೀರಿನ ಜೊತೆ ಚಳಿಜ್ವರವೂ ಹರಿದು ಬಂತೆಂದು. ಒಂದೊಂದು ಮನೆಯಲ್ಲಿ ಕಂಬಳಿ ಹೊದ್ದು ನಡುಗುವವರು ಮೂರು ಜನ, ಗಂಜಿ ಕಾಯಿಸಲು ಒಬ್ಬರೂ ಇಲ್ಲ.

ಅಜ್ಜಿಯ ಮದುವೆ 1959ರ ಸುಮಾರಿಗೆ. ಮಳವಳ್ಳಿಯ ಒಣಸೀಮೆಯಿಂದ ಮದ್ದೂರಿನ ನಾಲೆ ಸೀಮೆಗೆ. "ನಮ್ಮಪ್ಪ ಹುಡುಗನ್ ಮೊಕ ನೋಡ್ನಿಲ್ಲ ಕಣಮ್ಮಿ" ಎಂದು ಆಕೆ ಹೇಳುವ ರೀತಿಯಲ್ಲಿ ದೂರಿಲ್ಲ, ಸ್ವಲ್ಪ ಜಂಬವೇ ಇದೆ. "ನಾಲೆ ಏರಿ ಮ್ಯಾಲೆ ನಿಂತ್ಕಂಡು ಗದ್ದೆ ನೋಡ್ದ. ಮನಿಗ್ ಬಂದು, ನೀರದೆ, ಕೊಟ್ಬುಡವ ಅಂದ. ಅಷ್ಟೇಯ." ಗಂಡಿನ ಕಡೆಯವರು ತೆರ ಕೊಟ್ಟರು, ಸೀರೆ ತಂದರು. ತೆರದ ದುಡ್ಡಿನಲ್ಲಿ ಆಕೆಯ ಅಪ್ಪ ಒಂದು ಜೊತೆ ಹೋರಿ ಕೊಂಡ.

ಆದರೆ ಇನ್ನೊಂದು ಗಳಿಗೆ ಕೂತರೆ ಅಜ್ಜಿ ಬೇರೆ ಮಾತೂ ಹೇಳುತ್ತಾಳೆ. ತವರಿನಲ್ಲಿ ಸುಗ್ಗಿ ಮುಗಿದರೆ ಹೆಂಗಸರಿಗೆ ಮೂರು ತಿಂಗಳು ಉಸಿರು ಬಿಡಲು ಸಮಯವಿತ್ತು. ಜಾತ್ರೆ, ಸೋಬಾನೆ, ನೆಂಟರ ಮನೆ. ಇಲ್ಲಿ ಬಂದ ಮೇಲೆ ನಾಟಿ, ಕಳೆ, ಕೊಯ್ಲು, ಮತ್ತೆ ನಾಟಿ. ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು ಮಾಯುವಷ್ಟರಲ್ಲಿ ಮುಂದಿನ ಕಟ್ಟಿನ ನೀರು. "ನೀರು ಬಂದದ್ದು ಗದ್ದೆಗಲ್ವ, ನಮ್ಗೇನ್ ಬಂತು" ಎಂದು ಆಕೆ ಕೇಳಿದ್ದನ್ನು ನಾನು ಟೇಪಿನಲ್ಲಿ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ. ನೀರಾವರಿಯ ಬಗ್ಗೆ ನಾನು ಓದಿದ ವರದಿಗಳಲ್ಲಿ ಎಕರೆ ಇದೆ, ಟನ್ ಇದೆ, ಕೆಸರುಹುಣ್ಣು ಇಲ್ಲ.

ಅಜ್ಜಿ ಇಲ್ಲಿಗೆ ಮದುವೆಯಾಗಿ ಬರುವುದಕ್ಕೆ ನಾಲ್ಕೈದು ವರ್ಷ ಮುಂಚೆ, 1954ರಲ್ಲಿ, ಮಂಡ್ಯದ ಹತ್ತಿರದ ಹಳ್ಳಿಗೆ ಇನ್ನೊಬ್ಬ ಹೆಂಗಸು ಬಂದಿದ್ದಳು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ್ದ ಯಹೂದಿ ಹುಡುಗಿ ಸ್ಕಾರ್ಲೆಟ್ ಎಪ್‌ಸ್ಟೈನ್. ಮ್ಯಾಂಚೆಸ್ಟರಿನ ಸಂಶೋಧಕಿ, ಆಗ ಮೂವತ್ತೆರಡರ ಆಸುಪಾಸು. ಎರಡು ಹಳ್ಳಿಗಳನ್ನು ಆರಿಸಿಕೊಂಡಳು, ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದು ಎತ್ತರದಲ್ಲಿದ್ದು ಒಣಗಿಯೇ ಉಳಿದಿತ್ತು. ನಿಜವಾದ ಹೆಸರು ಮುಚ್ಚಿಟ್ಟು ಒಂದನ್ನು ವಂಗಲ, ಇನ್ನೊಂದನ್ನು ದಲೇನ ಎಂದು ಕರೆದಳು. 1962ರಲ್ಲಿ ಪುಸ್ತಕ ಬಂತು. ನನ್ನ ವಿಷಯದ ಎಲ್ಲರೂ ಅದನ್ನು ಓದಲೇಬೇಕು. ಹಾಸ್ಟೆಲಿನಲ್ಲಿ ಎರಡು ರಾತ್ರಿ ಕೂತು ಓದಿದಾಗ ನನಗೆ ಆದದ್ದು ಬೆರಗಿಗಿಂತ ಹೆಚ್ಚಾಗಿ ಕಸಿವಿಸಿ. ನಮ್ಮ ಮನೆಯ ಅಂಗಳವನ್ನು ಯಾರೋ ನಾನು ಹುಟ್ಟುವ ಮೊದಲೇ ಅಳತೆ ಮಾಡಿಟ್ಟ ಹಾಗಿತ್ತು.

ಆಕೆ ಕಂಡದ್ದು ಇಷ್ಟು. ನೀರು ಬಂದ ವಂಗಲದಲ್ಲಿ ದುಡ್ಡು ಬಂತು, ಹಂಚಿನ ಮನೆ ಬಂತು, ಮದುವೆಗಳು ಅದ್ದೂರಿಯಾದವು. ಆದರೆ ಒಕ್ಕಲುತನವೇ ದಾರಿಯಾಗಿ ಉಳಿದದ್ದರಿಂದ ಊರಿನ ಒಳಗಿನ ಕಟ್ಟುಪಾಡು ಅಲ್ಲಾಡಲಿಲ್ಲ. ಗೌಡರ ಮನೆಗೂ ಅವರ ಹಳೇಮಕ್ಕಳಿಗೂ, ಅಂದರೆ ತಲೆಮಾರುಗಳಿಂದ ಅದೇ ಮನೆಗೆ ದುಡಿಯುತ್ತ ಬಂದ ದಲಿತ ಕುಟುಂಬಗಳಿಗೂ ಇದ್ದ ನಂಟು ಹಾಗೇ ಮುಂದುವರಿಯಿತು. ಕೆಲಸ ಹೆಚ್ಚಾದ್ದರಿಂದ ಇನ್ನಷ್ಟು ಬಿಗಿಯೂ ಆಯಿತು. ನೀರು ಸಿಗದ ದಲೇನದವರು ಸುಮ್ಮನೆ ಕೂರುವ ಹಾಗಿರಲಿಲ್ಲ. ಮಂಡ್ಯದ ಕಾರ್ಖಾನೆಗೆ, ಕಚೇರಿಗಳಿಗೆ ಕೆಲಸಕ್ಕೆ ಹೋದರು, ಗಾಡಿ ಹೊಡೆದರು, ಗಿರಣಿ ಹಾಕಿದರು, ವ್ಯಾಪಾರಕ್ಕಿಳಿದರು, ಕೂಡಿಟ್ಟ ದುಡ್ಡಲ್ಲಿ ಬೇರೆ ಊರಿನ ಗದ್ದೆ ಕೊಂಡರು. ಆ ಓಡಾಟದಲ್ಲಿ ಹಳೆಯ ಯಜಮಾನಿಕೆ, ಹಳೇಮಕ್ಕಳ ನಂಟು, ಒಟ್ಟು ಕುಟುಂಬ ಎಲ್ಲ ಸಡಿಲವಾದವು. ಬದಲಾವಣೆ ಹೆಚ್ಚಾಗಿ ಆದದ್ದು ನೀರು ಬಾರದ ಊರಲ್ಲಿ.

ಪುಸ್ತಕದಲ್ಲಿ ನನ್ನನ್ನು ಬಿಡದೆ ಕಾಡಿದ್ದು ಒಂದು ನಾಟಕದ ಪ್ರಸಂಗ. ವಂಗಲದ ದಲಿತರು ಒಂದು ನಾಟಕ ಆಡಲು ಹೊರಟರು. ರಾಜನ ಪಾತ್ರದವನು ಸಿಂಹಾಸನದ ಮೇಲೆ ಕೂರಬೇಕು, ನೋಡಲು ಬಂದ ಗೌಡರು ನೆಲದ ಮೇಲೆ. ಊರ ಹಿರಿಯರು ಇದನ್ನು ಒಪ್ಪಲಿಲ್ಲ, ದಲಿತರಿಗೆ ಬಹಿಷ್ಕಾರ ಹಾಕಿದರು. ಸುಣ್ಣ ಬಣ್ಣದ ಸಿಂಹಾಸನ, ಬಾಡಿಗೆಯ ಕಿರೀಟ, ಅದಕ್ಕೇ. ಎಪ್‌ಸ್ಟೈನ್ ಇದನ್ನು ತಣ್ಣಗೆ ಬರೆಯುತ್ತಾಳೆ. ನಾನು ಅಷ್ಟು ತಣ್ಣಗೆ ಓದಲಾರೆ, ಏಕೆಂದರೆ ನಮ್ಮ ಅಜ್ಜಿ 'ಹಳೇಮಗ' ಎಂಬ ಮಾತನ್ನು ಈಗಲೂ ಪ್ರೀತಿಯ ಮಾತು ಎಂದೇ ತಿಳಿದು ಆಡುತ್ತಾಳೆ. ನಮ್ಮ ಗದ್ದೆಗೆ ನೀರು ಕಟ್ಟುತ್ತಿದ್ದವರ ಮನೆಯ ಮೊಮ್ಮಗಳು ಈಗ ಬೆಳಿಗ್ಗೆ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅವಳನ್ನು ಮಾತಾಡಿಸಲು ಹೋದಾಗ, "ನಿಮ್ ಗದ್ದೆ ವಿಚಾರ ನಂಗೇನ್ ಗೊತ್ತಕ್ಕ, ನಮ್ದೇನಿತ್ತು ಅಲ್ಲಿ" ಎಂದಳು. ನಾಲೆ ಬಂದಾಗ ಯಾರ ಹೆಸರಿನಲ್ಲಿ ಭೂಮಿ ಇತ್ತೋ ಅವರಿಗೆ ನೀರು ಬಂತು. ಭೂಮಿಯೇ ಇಲ್ಲದವರಿಗೆ ಒಣಸೀಮೆಯೂ ಒಂದೇ, ನಾಲೆ ಸೀಮೆಯೂ ಒಂದೇ. ಎರಡು ಹಳ್ಳಿಗಳ ಹೋಲಿಕೆಯಲ್ಲಿ ಈ ಮೂರನೆಯ ಊರು, ಎರಡೂ ಕಡೆ ಇರುವ ಕೇರಿ, ಹಿಂದಕ್ಕೆ ಸರಿದುಬಿಡುತ್ತದೆ ಎಂಬುದು ಆ ಪುಸ್ತಕದ ಮೇಲೆ ನನ್ನ ತಕರಾರು.

1970ರಲ್ಲಿ ಆಕೆ ಮತ್ತೆ ಬಂದು ನೋಡಿ ಇನ್ನೊಂದು ಪುಸ್ತಕ ಬರೆದಳು. ಅಷ್ಟರಲ್ಲಿ ತೆರ ಹೋಗಿ ವರದಕ್ಷಿಣೆ ಬರುತ್ತಿತ್ತು. ಹೆಣ್ಣಿನವರಿಗೆ ಕೊಡುವ ಪದ್ಧತಿ ಇದ್ದ ಒಕ್ಕಲು ಮನೆಗಳಲ್ಲಿ ಹೆಣ್ಣಿನವರಿಂದ ಕೀಳುವ ಪದ್ಧತಿ. ಬಡತನ ಹೆಚ್ಚಿದ್ದಕ್ಕೆ ಆದದ್ದಲ್ಲ ಇದು, ಕೈಯಲ್ಲಿ ದುಡ್ಡು ಆಡಿದ್ದಕ್ಕೆ ಆದದ್ದು. ನಮ್ಮ ಮನೆಯಲ್ಲೇ ನೋಡಿ. ಅಜ್ಜಿಗೆ ತೆರ ಬಂದಿತ್ತು. 1989ರಲ್ಲಿ ಅವ್ವನ ಮದುವೆಯಲ್ಲಿ ತಾತನ ಮನೆಯವರು ಅಪ್ಪನಿಗೆ ಕೊರಳಿಗೆ ಚೈನು, ಬೆರಳಿಗೆ ಉಂಗುರ, ಕೈಗೆ ವಾಚು, ಜೊತೆಗೆ ಹೀರೋ ಹೋಂಡಾ ಕೊಟ್ಟರು. ಮೂರು ಎಕರೆ ಇಪ್ಪತ್ತು ಗುಂಟೆ ನೀರಾವರಿಯ ಗಂಡಿಗೆ ಅದು ಆಗ ಸಲ್ಲುವ ಮರ್ಯಾದೆ. ಆ ಗಾಡಿಯ ಸೀಟು ಈಗ ಕೋಳಿಗೂಡಿನ ಮೇಲಿದೆ.

ಆ ಮರ್ಯಾದೆ ಎಲ್ಲಿ, ಯಾವಾಗ ಕರಗಿತು ಎಂದು ಒಂದು ಇಸವಿ ತೋರಿಸಲಾರೆ. ಮಳವಳ್ಳಿಯ ಕೊನೇ ಭಾಗದವರಿಗೆ ಅದು ಮೊದಲು ಗೊತ್ತಾಯಿತು. ಮೇಲಿನವರು ಸರದಿ ಬಿಟ್ಟು ಕಬ್ಬನ್ನೇ ಹಾಕಿ ನೀರು ಹೀರಿದರೆ ಕೊನೆಯ ತೂಬಿಗೆ ಬರುವುದು ಕೆಸರು. ಮುಂಗಾರು ಕೈಕೊಟ್ಟ ವರ್ಷ ಕಾವೇರಿ ಗಲಾಟೆ, ಹೆದ್ದಾರಿ ತಡೆ, ನ್ಯಾಯಮಂಡಳಿ, ಸುಪ್ರೀಂ ಕೋರ್ಟು. 2018ರ ತೀರ್ಪಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಎಂದದ್ದನ್ನು ಅಪ್ಪ ಟಿವಿಯ ಮುಂದೆ ಸುಮ್ಮನೆ ಕೂತು ಕೇಳಿದ್ದರು. ಕಬ್ಬಿನ ದುಡ್ಡು ಹದಿನಾಲ್ಕು ದಿನಕ್ಕೆ ಬರಬೇಕು ಅನ್ನುತ್ತದೆ ಕಾನೂನು. ನಮ್ಮ ಮನೆಗೆ ಒಂದು ಕಾರ್ಖಾನೆಯಿಂದ ಅದು ಬಂದದ್ದು ಒಂದೂವರೆ ವರ್ಷಕ್ಕೆ. ಆಲೆಮನೆಗೆ ಹಾಕಿದರೆ ಕೈಗೆ ಬೇಗ ದುಡ್ಡು, ಆದರೆ ಬೆಲೆ ಅವರು ಹೇಳಿದ್ದು. 2015ರಲ್ಲಿ ಜಿಲ್ಲೆಯ ರೈತರ ಆತ್ಮಹತ್ಯೆಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದವು, ಮತ್ತು ಸತ್ತವರಲ್ಲಿ ನಾಲೆ ನೀರಿನ ಕಬ್ಬಿನವರೂ ಇದ್ದರು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬೆಂಗಳೂರಿನ ಕಾರುಗಳು ಮದ್ದೂರಿನ ಒಳಗೆ ಬಾರದೆ ಮೇಲೇ ಹಾರಿಹೋಗತೊಡಗಿದವು. ರೈಲಿನವರಿಗಾಗಿ ಹುಟ್ಟಿ, ರಸ್ತೆಯವರಿಂದ ಬೆಳೆದ ಮದ್ದೂರು ವಡೆಯ ಹೋಟೆಲುಗಳಲ್ಲಿ ಮಧ್ಯಾಹ್ನದ ಹೊತ್ತು ಕುರ್ಚಿಗಳು ಖಾಲಿ ಇದ್ದುದನ್ನು ನಾನೇ ನೋಡಿದ್ದೇನೆ. ಎತ್ತರದಲ್ಲಿ ಇರುವವರಿಗೆ ಕೆಳಗಿನದು ಬೇಡವಾಗುವ ಇನ್ನೊಂದು ನಾಲೆ ಅದು.

ಅದೇ ವರ್ಷದ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಹೊರಟಿತು. ಮೂವತ್ತು ದಾಟಿದ ರೈತರ ಮಕ್ಕಳು, ಹೆಣ್ಣು ಸಿಗಲೆಂದು ಹರಕೆ. ಟಿವಿಯವರಿಗೆ ತಮಾಷೆ, ಸಾಮಾಜಿಕ ಜಾಲತಾಣಗಳಲ್ಲಿ ನಗೆ. ಅದೇ ವರ್ಷದ ಕೊನೆಗೆ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರಿಗೆ ಸಿಕ್ಕಿತು. ಈ ಎರಡು ಸುದ್ದಿಗಳನ್ನು ನಾನು ಒಂದೇ ಫೈಲಿನಲ್ಲಿ ಅಂಟಿಸಿಟ್ಟಿದ್ದೇನೆ. ಬೆಲ್ಲದ ಪಾಕ ಕಾಯುವ ಕೊಪ್ಪರಿಗೆಯ ಪಕ್ಕದಲ್ಲಿ ಆ ಯಂತ್ರ ಇದ್ದ ಚಿತ್ರ ಕಣ್ಣಮುಂದೆ ಬಂದಾಗ ಬರೆಯುತ್ತಿದ್ದ ಅಧ್ಯಾಯವನ್ನು ಒಂದು ವಾರ ಮುಟ್ಟಲಾಗಲಿಲ್ಲ.

ಪಾದಯಾತ್ರೆಗೆ ನಮ್ಮ ಅಣ್ಣ ಹೋಗಲಿಲ್ಲ. ಹೋಗಬೇಕೆಂದು ಗೆಳೆಯರು ಕರೆದಿದ್ದರು. ಅವನಿಗೆ ಈಗ ಮೂವತ್ತೈದು. ಬಿ.ಕಾಂ. ಮಾಡಿ, ಬೆಂಗಳೂರಿನಲ್ಲಿ ಎರಡು ವರ್ಷ ಇದ್ದು, ಅಪ್ಪನ ಬೆನ್ನು ಬಿದ್ದ ಮೇಲೆ ಊರಿಗೆ ಬಂದವನು. ಹನಿ ನೀರಾವರಿ ಹಾಕಿದ್ದಾನೆ, ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಾನೆ, ಕಬ್ಬಿನ ನಡುವೆ ಉದ್ದು ಬೆಳೆದು ಸುತ್ತಲವರಿಗೆ ತೋರಿಸುತ್ತಾನೆ. ಎಂಟು ವರ್ಷದಲ್ಲಿ ಹನ್ನೊಂದು ಮನೆ ನೋಡಿದ್ದಾಗಿದೆ. ಹೆಣ್ಣಿನವರ ಪ್ರಶ್ನೆ ಎಲ್ಲ ಕಡೆ ಒಂದೇ: ಜಮೀನು ಎಷ್ಟಿದೆ? ಹುಡುಗ ಬೆಂಗಳೂರಲ್ಲಿ ಇರ್ತಾನಾ? ಜಮೀನೂ ಇರಬೇಕು, ಜಮೀನಿನಲ್ಲಿ ಹುಡುಗ ಇರಬಾರದು. ಆ ಹೆಣ್ಣುಮಕ್ಕಳನ್ನು ಬೈಯುವ ಹಾಗಿಲ್ಲ. ನನ್ನ ಅಜ್ಜಿಯ ಕಾಲ್ಬೆರಳನ್ನು ಅವರೂ ತಮ್ಮ ಅಜ್ಜಿಯರಲ್ಲಿ ನೋಡಿರುತ್ತಾರೆ. ಮೈಸೂರಿನ ಹಾಸ್ಟೆಲಿನಲ್ಲಿ ಕೂತ ನನಗೇ ಮೊನ್ನೆ ಕಿರುಗಾವಲು ಕಡೆಯಿಂದ ಒಂದು ಸಂಬಂಧ ಬಂದಾಗ, ಗದ್ದೆಗೆ ಇಳಿಯಬೇಕಾಗುತ್ತದಾ ಎಂದು ನಾನು ಅತ್ತೆಯನ್ನು ಕೇಳಿದೆ. ಅತ್ತೆ ನಕ್ಕು, "ಓದಿದ್ದಕ್ಕೆ ಬೆಲೆ ಬಂತು ಬಿಡು" ಅಂದರು.

ಒಣಸೀಮೆಯ ಕಡೆ, ಅಜ್ಜಿಯ ತವರಿನಲ್ಲಿ, ಕತೆ ಹೀಗಿಲ್ಲ. ಅಜ್ಜಿಯ ಅಣ್ಣನ ಮೊಮ್ಮಕ್ಕಳಲ್ಲಿ ಒಬ್ಬ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರು, ಒಬ್ಬ ಬಿಡದಿಯ ಕಾರ್ಖಾನೆಯಲ್ಲಿ, ಒಬ್ಬಳು ನರ್ಸಾಗಿ ಕತಾರಿನಲ್ಲಿ. ಮಳೆ ನಂಬಿ ಕೂತರೆ ಹೊಟ್ಟೆ ತುಂಬದು ಎಂದು ಅವರ ಅಪ್ಪಂದಿರು ಎಂದೋ ಊರು ಬಿಟ್ಟಿದ್ದರು. ಅವರ ಮನೆಗಳಲ್ಲಿ ಮದುವೆಗಳು ಹೊತ್ತಿಗೆ ಸರಿಯಾಗಿ ಆಗಿವೆ. ಕಳೆದ ಸಲ ಹೋದಾಗ ಅಜ್ಜಿಯ ನಾದಿನಿ, "ನಮ್ಮಪ್ಪ ನಿಮ್ಮಜ್ಜಿನ ನೀರಿರೋ ಊರ್ಗೆ ಕೊಟ್ರು ಅಂತ ನಂಗ್ ಹೊಟ್ಟೆಕಿಚ್ಚಿತ್ತು ಕಣವ್ವ" ಎಂದು ಹೇಳಿ ಅಣ್ಣನ ವಿಚಾರ ಕೇಳಿದರು. ನಾನು ಚಹಾ ಲೋಟ ನೋಡುತ್ತ ಕೂತೆ.

ಬರುವ ತಿಂಗಳು ಮಂಡ್ಯದಲ್ಲಿ ವಧು–ವರರ ಸಮಾವೇಶ ಇದೆ. ಅದಕ್ಕೆ ಅಣ್ಣನ ಬಯೋಡೇಟಾ ತಯಾರಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ, ಮನೆಯಲ್ಲಿ ಟೈಪು ಮಾಡಲು ಬರುವುದು ನನಗೊಬ್ಬಳಿಗೆ. ಹೆಸರು, ಎತ್ತರ, ನಕ್ಷತ್ರ, ಬೆಡಗು ಎಲ್ಲ ಬರೆದಾಯಿತು. ಉದ್ಯೋಗದ ಸಾಲಿಗೆ ಬಂದಾಗ ಮಧ್ಯವರ್ತಿಯ ಸಲಹೆಯನ್ನು ಅವ್ವ ಮೆಲ್ಲಗೆ ಹೇಳಿದಳು, "ಖಾಸಗಿ ಕೆಲಸ, ಬೆಂಗಳೂರು ಅಂತ ಹಾಕ್‌ಬುಡು. ಆಮೇಲ್ ಮಾತಾಡ್ಕಂಡ್ರಾಯ್ತು." ಅಣ್ಣ ಹಾಲಿನ ಕ್ಯಾನು ತೊಳೆಯುತ್ತ ಜಗಲಿಯಲ್ಲಿದ್ದ, ಕೇಳಿಸಿಕೊಂಡ.

"ಏನ್ ಹಾಕ್ಲಣ್ಣ?" ಎಂದೆ.

"ನೀನ್ ಮಾಡ್ತಿರೋ ರಿಸರ್ಚಲ್ಲಿ ಏನಂತ ಬರ್ದಿದ್ದೀಯ ನಮ್ಮನ್ನ?"

"ರೈತ ಅಂತ."

"ಅದನ್ನೇ ಹಾಕು" ಎಂದವನು ಕ್ಯಾನು ಬೋರಲು ಹಾಕಿ, ಮುಖ ಒರೆಸಿಕೊಂಡು ಒಳಗೆ ಬಂದು, ಸ್ಕ್ರೀನ್ ನೋಡಿ, "ಜೊತೆಗೆ ಮೂರು ಎಕರೆ ಇಪ್ಪತ್ತು ಗುಂಟೆ, ನಾಲೆ ನೀರು ಅಂತ್ಲೂ ಹಾಕು" ಎಂದ.